ಹೊದಿಕೆ ಎತ್ತಿ ನೋಡಿದ್ದೀರಾ, ಟೀಚರೇ?

(ಅವರ ಒಪ್ಪಿಗೆ ಕೇಳಿಯೇ ಬರೆಯುತ್ತಿದ್ದೇನೆ. ಗುರುತು ಸಿಗುವಂಥ ವಿವರಗಳನ್ನು ಬದಲಿಸಿದ್ದೇನೆ.)

ನನ್ನ ಹತ್ತಿರ ಸಲಹೆ ಕೇಳಿ ಬಂದವರು ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಆಚೆಯ ಒಂದು ಕನ್ನಡ ಶಾಲೆಯವರು. ಇಲ್ಲಿ ಟೀಚರ್ ಅಂತಲೇ ಕರೆಯುತ್ತೇನೆ. ಕೂತ ಕೂಡಲೇ ಕೇಳಿದರು, "ಮೇಡಂ, ಅಮ್ಮನನ್ನು ಕೇರ್ ಹೋಮಿಗೆ ಸೇರಿಸಿದ್ದಕ್ಕೆ ನನ್ನ ಮೇಲೆ ಕೇಸಾಗ್ತದಾ?"

ಯಾವುದೋ ಮದುವೆಯಲ್ಲಿ ಊಟಕ್ಕೆ ಕೂತಾಗ ಪಕ್ಕದವರು ಹಾಗೆ ಹೇಳಿದ್ದರಂತೆ. ಆವತ್ತಿನಿಂದ ನಿದ್ದೆ ಇಲ್ಲ. ಮೊದಲು ಆ ಭಯ ಬಿಡಿಸಿದೆ. 2007ರ ಹಿರಿಯ ನಾಗರಿಕರ ಕಾಯ್ದೆಯ 24ನೇ ಸೆಕ್ಷನ್ ಇರುವುದು ಹಿರಿಯರನ್ನು ಪೂರ್ತಿ ಕೈಬಿಡುವ ಉದ್ದೇಶದಿಂದಲೇ ಎಲ್ಲೋ ಬಿಟ್ಟು ಹೋಗುವವರಿಗೆ. ಅದಕ್ಕೆ ಮೂರು ತಿಂಗಳವರೆಗೆ ಜೈಲು, ಇಲ್ಲವೇ 5,000 ರೂಪಾಯಿವರೆಗೆ ದಂಡ, ಕೆಲವೊಮ್ಮೆ ಎರಡೂ. ತಿಂಗಳು ತಿಂಗಳು ಹಣ ಕಟ್ಟಿ, ವಾರ ವಾರ ಹೋಗಿ ನೋಡಿ ಬರುವ ಮಗಳಿಗೆ ಅದು ಅನ್ವಯಿಸುವುದಿಲ್ಲ. ಅವರು ಉಸಿರು ಬಿಟ್ಟರು. ಆಮೇಲೆ ಅತ್ತರು.

ಅಮ್ಮನಿಗೆ 79. ಸ್ಟ್ರೋಕ್ ಆಗಿ ಬಲಗೈ, ಬಲಗಾಲು ಬಿದ್ದಿವೆ. ಮಾತು ತೊದಲುತ್ತದೆ, ಆದರೆ ಬುದ್ಧಿ ಸರಿಯಾಗಿದೆ. ಒಂದು ವರ್ಷ ಮನೆಯಲ್ಲೇ ನೋಡಿಕೊಂಡರು. ನಾಲ್ಕು ಜನ ಹೋಂ ನರ್ಸ್ ಬಂದು ಹೋದರು, ಕೊನೆಯವರು ಹೇಳದೆ ಕೇಳದೆ ಹೊರಟುಬಿಟ್ಟರು. ಟೀಚರಿಗೆ ಶಾಲೆ ಬಿಡುವಂತಿಲ್ಲ, ಅಣ್ಣ ಅಮೆರಿಕದಲ್ಲಿ. ಹಾಗಾಗಿ ಜಿಲ್ಲೆಯ ತೆಂಕು ಕಡೆಯ ಒಂದು ಪೇಟೆಯ ಹೋಮಿಗೆ ಸೇರಿಸಿ ಐದು ತಿಂಗಳಾಗಿತ್ತು. ಇದರಲ್ಲಿ ತಪ್ಪೇನು ಹುಡುಕುವುದು?

ಅಣ್ಣನದ್ದು ಫೋನಿನಲ್ಲಿ ಒಂದೇ ಪ್ರಶ್ನೆ: "ಅದರ ರೇಟಿಂಗ್ ಎಷ್ಟು?" ಗೂಗಲ್‌ನಲ್ಲಿ ನಾಲ್ಕೂವರೆ ನಕ್ಷತ್ರ ಇತ್ತು. ಅಷ್ಟು ಸಾಕು ಅಂತ ಅವರಿಗೆ ನೆಮ್ಮದಿ. ಅವರ ದೇಶದಲ್ಲಿ 2008ರಿಂದ ಸರ್ಕಾರವೇ ನರ್ಸಿಂಗ್ ಹೋಮ್‌ಗಳಿಗೆ ಒಂದರಿಂದ ಐದು ನಕ್ಷತ್ರ ಕೊಡುತ್ತದೆ, ಇನ್ಸ್‌ಪೆಕ್ಟರ್‌ಗಳು ಹೋಗಿ ನೋಡಿದ್ದು, ಎಷ್ಟು ಸಿಬ್ಬಂದಿ ಇದ್ದಾರೆ ಎನ್ನುವುದು, ಅಲ್ಲಿರುವವರ ಆರೋಗ್ಯ ಹೇಗಿದೆ ಎನ್ನುವ ಲೆಕ್ಕ, ಎಲ್ಲ ಸೇರಿಸಿ. ಅಲ್ಲಿಯೂ ಮೊದಮೊದಲು ಸಿಬ್ಬಂದಿ ಲೆಕ್ಕವನ್ನು ಹೋಮ್‌ಗಳೇ ಬರೆದು ಕೊಡುತ್ತಿದ್ದವು. ಅದನ್ನು ನಂಬುವಂತಿಲ್ಲ ಅಂತಾದ ಮೇಲೆ ಸಂಬಳದ ದಾಖಲೆಯಿಂದ ತೆಗೆದುಕೊಳ್ಳಲು ಶುರು ಮಾಡಿದರು. ನಮ್ಮ ಗೂಗಲ್ ನಕ್ಷತ್ರದ ಹಿಂದೆ ಇಂಥ ಯಾವ ಪರೀಕ್ಷೆಯೂ ಇಲ್ಲ. ಅಂಗಳ ಚಂದ ಕಂಡವರೂ ಐದು ಒತ್ತುತ್ತಾರೆ.

ಟೀಚರ್ ಹೋಗುತ್ತಿದ್ದದ್ದು ಪ್ರತಿ ಭಾನುವಾರ ಹನ್ನೊಂದಕ್ಕೆ, ಫೋನ್ ಮಾಡಿಯೇ. ಅಮ್ಮನ ತಲೆ ಬಾಚಿ, ಪೌಡರ್ ಹಾಕಿ, ಟಿವಿ ಎದುರು ಕೂರಿಸಿರುತ್ತಿದ್ದರು. ಅರ್ಧ ಗಂಟೆ ಕೂತು, ಎಲ್ಲರಿಗೂ ಬಾಳೆಹಣ್ಣು ಹಂಚಿ ವಾಪಸ್.

ನಾನು ಕೇಳಿದೆ, "ಅಮ್ಮನ ಹೊದಿಕೆ ಎತ್ತಿ ಬೆನ್ನು ನೋಡಿದ್ದೀರಾ, ಟೀಚರೇ?"

ತುಂಬ ಹೊತ್ತು ಮಾತಿಲ್ಲ. ಆಮೇಲೆ ಮೆಲ್ಲ ಹೇಳಿದರು. "ಧೈರ್ಯ ಬರ್ಲಿಲ್ಲ ಮೇಡಂ. ಏನಾದ್ರೂ ಕಂಡ್ರೆ ಮನೆಗೆ ಕರ್ಕೊಂಡು ಬರ್ಬೇಕು. ಬಂದ್ರೆ ನೋಡುವವರು ಯಾರು?"

ನನ್ನ ಕೆಲಸದಲ್ಲಿ ಇದನ್ನು ಮತ್ತೆ ಮತ್ತೆ ನೋಡುತ್ತೇನೆ. ತಪ್ಪು ಮಾಡಿದೆ ಅನ್ನುವ ಭಾವನೆ ಜಾಸ್ತಿಯಾದಷ್ಟೂ ಮಕ್ಕಳು ಸರಿಯಾಗಿ ನೋಡುವುದಿಲ್ಲ. ಕೆಲವರು ಎಲ್ಲದರಲ್ಲೂ ಹುಳುಕು ಕಂಡು ಸಿಬ್ಬಂದಿಯ ಮೇಲೆ ಕೂಗಾಡುತ್ತಾರೆ, ಕೆಲವರು ಕಣ್ಣು ಮುಚ್ಚಿಕೊಳ್ಳುತ್ತಾರೆ. ಟೀಚರ್ ಎರಡನೆಯವರು. ಹಾಗಾಗಿ ಸೇರಿಸಿದ್ದು ಸರಿಯೋ ತಪ್ಪೋ ಎನ್ನುವ ಚರ್ಚೆಯನ್ನು ಒಂದು ತಿಂಗಳು ಬದಿಗಿಡೋಣ ಅಂದೆ. ಈ ತಿಂಗಳು ನಿಮ್ಮ ಕೆಲಸ ನೋಡುವುದು, ನೋಡಿದ್ದನ್ನು ನೋಟ್‌ಬುಕ್ಕಿನಲ್ಲಿ ಬರೆಯುವುದು. ಏನು ಕಂಡರೂ ಅದೇ ದಿನ ತೀರ್ಮಾನ ಬೇಡ.

ಹೇಗೆ ನೋಡಬೇಕು ಅಂತ ವಿವರವಾಗಿ ಹೇಳಿದೆ. ಫೋನ್ ಮಾಡದೆ ಹೋಗಿ, ಒಮ್ಮೆ ಬೆಳಗ್ಗೆ ಏಳಕ್ಕೆ, ಒಮ್ಮೆ ರಾತ್ರಿ ಊಟದ ಹೊತ್ತಿಗೆ. ಬಾಗಿಲಲ್ಲೇ ನಿಲ್ಲಿಸಿದರೆ ಅದನ್ನೂ ಬರೆಯಿರಿ. ಬೆನ್ನಿನ ಕೆಳಗೆ, ಸೊಂಟದ ಎರಡೂ ಬದಿ, ಹಿಮ್ಮಡಿ ನೋಡಿ. ಕೆಂಪಾದ ಕಡೆ ಬೆರಳಿಟ್ಟು ಒತ್ತಿದಾಗ ಬಿಳಿಯಾಗದಿದ್ದರೆ ಅದು ಹಾಸಿಗೆ ಹುಣ್ಣಿನ ಶುರು. ನಮ್ಮಂಥ ಕಪ್ಪು ಮೈಬಣ್ಣದಲ್ಲಿ ಕೆಂಪು ಸರಿಯಾಗಿ ಕಾಣುವುದಿಲ್ಲ, ಆದ್ದರಿಂದ ಕೈಯಿಟ್ಟು ನೋಡಿ, ಆ ಜಾಗ ಸುತ್ತಲಿನದಕ್ಕಿಂತ ಬಿಸಿಯೋ ಗಟ್ಟಿಯೋ ಇದೆಯಾ ಅಂತ. ಮಲಗಿದಲ್ಲೇ ಇರುವವರನ್ನು ಸಾಮಾನ್ಯವಾಗಿ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಬದಲಿಸಿದ್ದಕ್ಕೆ ಬರೆದಿಟ್ಟ ಚಾರ್ಟ್ ಕೇಳಿ. ಊಟ ಮಾಡಿಸುವಾಗ ನೇರ ಕೂರಿಸುತ್ತಾರಾ ನೋಡಿ. ಸ್ಟ್ರೋಕ್ ಆದವರಿಗೆ ನುಂಗುವುದು ಕಷ್ಟ, ಮಲಗಿಸಿಯೇ ಗಂಜಿ ಕೊಟ್ಟರೆ ಶ್ವಾಸಕೋಶಕ್ಕೆ ಹೋಗಿ ನ್ಯುಮೋನಿಯಾ ಆಗಬಹುದು. ನಿದ್ದೆ ಮಾತ್ರೆ ಕೊಡುತ್ತಿದ್ದರೆ ಯಾವ ಡಾಕ್ಟರ್ ಬರೆದದ್ದು ಅಂತ ಕೇಳಿ. ತೂಕ ಕೇಳಿ. ರಾತ್ರಿ ಎಷ್ಟು ಜನಕ್ಕೆ ಎಷ್ಟು ಸಿಬ್ಬಂದಿ ಅಂತ ಕೇಳಿ.

ಮೂರು ವಾರ ಬಿಟ್ಟು ನೋಟ್‌ಬುಕ್ ಹಿಡಿದು ಬಂದರು. ಚೆನ್ನಾಗಿ ಬರೆದಿದ್ದರು, ಟೀಚರ್ ಅಲ್ವಾ.

ಒಳ್ಳೆಯದೂ ಇತ್ತು. ಯಾವ ಹೊತ್ತಿಗೆ ಹೋದರೂ ಬಾಗಿಲು ತೆರೆದರು. ವಾಸನೆ ಇರಲಿಲ್ಲ. ಕೂರಿಸಿಯೇ ಉಣಿಸುತ್ತಿದ್ದರು. ನಿದ್ದೆ ಮಾತ್ರೆ ಕೊಡುತ್ತಿರಲಿಲ್ಲ. ಆದರೆ ಬೆನ್ನಿನ ಕೆಳಗೆ ಅಂಗೈ ಅಗಲದ ಬಿಸಿ ಜಾಗ, ಚರ್ಮ ಒಡೆದಿರಲಿಲ್ಲ. ತೂಕ ಸೇರುವಾಗ 47 ಕಿಲೋ, ಆಮೇಲೆ ಯಾರೂ ನೋಡೇ ಇಲ್ಲ, ಟೀಚರ್ ಕೇಳಿದ ಮೇಲೆ ನೋಡಿದರೆ 42. ಆರು ತಿಂಗಳೊಳಗೆ ನೂರಕ್ಕೆ ಹತ್ತು ಪಾಲು ಇಳಿದರೆ ಡಾಕ್ಟರಿಗೆ ತೋರಿಸಲೇಬೇಕು. ರಾತ್ರಿ ಹದಿನಾಲ್ಕು ಜನಕ್ಕೆ ಒಬ್ಬಳೇ ಹುಡುಗಿ.

ಇನ್ನೊಂದು ವಿಷಯ ನನಗೂ ಹೊಳೆದಿರಲಿಲ್ಲ. ಅಮ್ಮನಿಗೆ ತುಳು, ಕನ್ನಡ ಬಿಟ್ಟರೆ ಬೇರೆ ಭಾಷೆ ಬರುವುದಿಲ್ಲ. ಅಲ್ಲಿರುವವರದ್ದು ಮಲಯಾಳ, ರಾತ್ರಿಯ ಹುಡುಗಿ ಅಸ್ಸಾಮಿನವಳು. ಅಮ್ಮ ನಾಚಿಕೆಯವರು, "ಒಂದಕ್ಕೆ ಹೋಗ್ಬೇಕು" ಅಂತಲೇ ಹೇಳುವುದು, ಮೂತ್ರ ಅನ್ನುವ ಮಾತು ಬಾಯಲ್ಲಿ ಬರುವುದಿಲ್ಲ. ಯಾರಿಗೂ ಅರ್ಥವಾಗಲಿಲ್ಲ. ಅಮ್ಮನಿಗೆ ಮೂತ್ರ ಬರುವುದು ಗೊತ್ತಾಗುವುದಿಲ್ಲ ಅಂತ ತಿಳಿದು ಸಿಬ್ಬಂದಿ ಇಡೀ ದಿನ ಡೈಪರ್ ಹಾಕಿಬಿಟ್ಟಿದ್ದರು. ಒದ್ದೆ ಚರ್ಮ ಬೇಗ ಹಾಳಾಗುತ್ತದೆ. ನೀರು ಕುಡಿದರೆ ಒದ್ದೆಯಾಗುತ್ತದೆಂದು ಅಮ್ಮ ನೀರೇ ಕಡಿಮೆ ಮಾಡಿದ್ದರು. ಇದನ್ನು ಓದುವಾಗ ನನಗೆ ಗಂಟಲು ಕಟ್ಟಿತು.

ಮ್ಯಾನೇಜರ್ ಹತ್ತಿರ ಹೇಗೆ ಮಾತಾಡುವುದು ಅಂತ ಇಬ್ಬರೂ ಕೂತು ಅಭ್ಯಾಸ ಮಾಡಿದೆವು. "ನೀವು ಸರಿ ನೋಡ್ಕೊಳ್ಳುವುದಿಲ್ಲ" ಅಂದರೆ ಅವರು "ಕರ್ಕೊಂಡು ಹೋಗಿ" ಅಂತಾರೆ, ಮಾತು ಅಲ್ಲಿಗೆ ಮುಗಿಯುತ್ತದೆ. ಅದಕ್ಕೆ ಮೊದಲು ಒಳ್ಳೆಯದನ್ನು ಹೇಳಿ, ಆಮೇಲೆ ತಾರೀಖು ಸಮೇತ ಬರೆದದ್ದನ್ನು ತೋರಿಸಿ, ಯಾವ ದಿನದೊಳಗೆ ಏನು ಆಗಬೇಕು ಅಂತ ಕೇಳುವುದು. ಹಾಸಿಗೆ ಪಕ್ಕ ಅಂಟಿಸಲು ಹನ್ನೆರಡು ಮಾತಿನ ಹಾಳೆ ಮಾಡಿದೆವು, ಅಮ್ಮ ಹೇಳುವ ಮಾತು, ಅದರ ಪಕ್ಕ ಮಲಯಾಳ, ಅದರ ಪಕ್ಕ ಹಿಂದಿ. "ಒಂದಕ್ಕೆ" ಎಲ್ಲಕ್ಕಿಂತ ಮೇಲೆ.

ಕೇಳದಿದ್ದರೆ ಏನು ದಾರಿ ಎನ್ನುವುದನ್ನೂ ಹೇಳಿಟ್ಟೆ. 14567 ಹಿರಿಯರ ಸಹಾಯವಾಣಿ. ಜಿಲ್ಲಾ ಸಾಮಾಜಿಕ ನ್ಯಾಯ ಕಚೇರಿಗೆ ದೂರು ಕೊಡಬಹುದು, ಅದೂ ಕನ್ನಡದಲ್ಲೇ. ಭಾಷಾ ಅಲ್ಪಸಂಖ್ಯಾತ ಪ್ರದೇಶದ ಕಚೇರಿಗಳಿಗೆ ನಾವು ಕನ್ನಡದಲ್ಲಿ ಬರೆಯಬಹುದು ಅಂತ ಕೇರಳದ 1969ರ ಭಾಷಾ ಕಾಯ್ದೆಯೇ ಹೇಳುತ್ತದೆ.

ಅಣ್ಣನಿಗೂ ಒಂದು ಕೆಲಸ ಕೊಟ್ಟೆವು. ರೇಟಿಂಗ್ ಕೇಳುವುದರ ಬದಲು ವಾರಕ್ಕೆರಡು ಸಲ, ಬೇರೆ ಬೇರೆ ಹೊತ್ತಿನಲ್ಲಿ ಅಮ್ಮನಿಗೆ ವೀಡಿಯೋ ಕಾಲ್. ಅಲ್ಲಿ ಬೆಳಗಾಗುವಾಗ ಇಲ್ಲಿ ಸಂಜೆ, ಊಟದ ಹೊತ್ತು ಅವರಿಗೆ ಸುಲಭವಾಗಿ ಸಿಗುತ್ತದೆ. ಮೊದಲ ಕಾಲ್‌ನಲ್ಲೇ ಅತ್ತರಂತೆ. ಆಮೇಲೆ ಒಮ್ಮೆಯೂ ತಪ್ಪಿಸಿಲ್ಲ.

ಈಗ ಎರಡು ತಿಂಗಳಾಯಿತು. ಬೆನ್ನಿನ ಜಾಗ ಮಾಮೂಲಾಗಿದೆ. ಹಗಲು ಡೈಪರ್ ಇಲ್ಲ, ಕೇಳಿದಾಗ ಕರೆದುಕೊಂಡು ಹೋಗುತ್ತಾರೆ. ಡಾಕ್ಟರಿಗೆ ತೋರಿಸಿ ಊಟ ಸರಿ ಮಾಡಿದ ಮೇಲೆ ತೂಕ 43ಕ್ಕೆ ಬಂದಿದೆ. ರಾತ್ರಿಗೆ ಎರಡನೆಯವರನ್ನು ಇಡುತ್ತೇವೆ ಅಂದವರು ಇನ್ನೂ ಇಟ್ಟಿಲ್ಲ. ಈ ತಿಂಗಳ ಕೊನೆಯವರೆಗೆ ಕಾಯುವುದು, ಆಗದಿದ್ದರೆ ಕುಂಬಳೆ, ಉಪ್ಪಳ ಕಡೆ ತುಳು ಮಾತಾಡುವವರಿರುವ ಜಾಗ ಹುಡುಕುವುದು ಅಂತ ಟೀಚರೇ ತೀರ್ಮಾನಿಸಿದ್ದಾರೆ. ಭಾನುವಾರ ಹನ್ನೊಂದಕ್ಕೆ ಈಗ ಹೋಗುವುದಿಲ್ಲ. ಯಾವಾಗ ಹೋಗುತ್ತಾರೆ ಅಂತ ನನಗೂ ಹೇಳುವುದಿಲ್ಲ.