ತಜ್ಞರನ್ನು ಹಗುರವಾಗಿ ಕಾಣುವ ಕಾಲದಲ್ಲಿ ಉನ್ನತ ಶಿಕ್ಷಣಕ್ಕೆ ಬೆಲೆ ಉಳಿದಿದೆಯೇ?

ತಜ್ಞರದ್ದೆಲ್ಲ ಪುಸ್ತಕದ ಬದನೆಕಾಯಿ ಎಂಬ ಮಾತು ಹೆಚ್ಚುತ್ತಿರುವಾಗ ಉನ್ನತ ಶಿಕ್ಷಣದಿಂದ ಏನು ಪ್ರಯೋಜನ ಎಂದು ಕೇಳಿದ್ದೀರಿ. ಉತ್ತರಕ್ಕೆ ಚಿಕ್ಕಮಗಳೂರಿನ ಕಾಫಿ ತೋಟಗಳನ್ನೇ ನೋಡಬಹುದು. ಎಲೆಯ ತಳಭಾಗದಲ್ಲಿ ಕಿತ್ತಳೆ ಬಣ್ಣದ ಹುಡಿಯಾಗಿ ಕಾಣಿಸಿಕೊಳ್ಳುವ ತುಕ್ಕು ರೋಗವನ್ನು ಅನುಭವಸ್ಥ ಬೆಳೆಗಾರರು ಯಾರ ನೆರವೂ ಇಲ್ಲದೆ ಗುರುತಿಸಬಲ್ಲರು. ಆದರೆ ಅದು ಶಿಲೀಂಧ್ರದಿಂದ ಬರುವುದೆಂದು ಅರಿತು, ಅದನ್ನು ತಾಳಿಕೊಳ್ಳುವ ಗಿಡವನ್ನು ಸಂಕರದಿಂದ ಪಡೆದು, ವರ್ಷಗಟ್ಟಲೆ ಪರೀಕ್ಷಿಸುವುದಕ್ಕೆ ಸಸ್ಯಶಾಸ್ತ್ರವನ್ನು ಆಳವಾಗಿ ಓದಿದವರೇ ಬೇಕಾಯಿತು. ಬಾಳೆಹೊನ್ನೂರಿನ ಸಮೀಪ 1925ರಲ್ಲಿ ಆರಂಭವಾದ ಕಾಫಿ ಸಂಶೋಧನಾ ಕೇಂದ್ರದಿಂದ 1940ರ ದಶಕದಲ್ಲಿ ಹೊರಬಂದ ಎಸ್.795 ತಳಿ ಹುಟ್ಟಿದ್ದು ಹೀಗೆ. ಅದರ ಒಂದು ಮೂಲವಾದ ಕೆಂಟ್ ತಳಿಯನ್ನು ಆಯ್ದವರು ಮಾತ್ರ ವಿಜ್ಞಾನಿಯಲ್ಲ, ತೋಟದ ಮಾಲೀಕರು (ಅನುಭವವನ್ನು ಕಡೆಗಣಿಸುವ ಪದವೀಧರರು ಇದನ್ನು ಮರೆಯಬಾರದು). ಗೈಡ್ ಬಾಯಿಪಾಠ ಮಾಡಿ ಗಿಟ್ಟಿಸಿದ ಪದವಿಯ ಬಗ್ಗೆ ಜನರಿಗಿರುವ ತಾತ್ಸಾರ ನನಗೂ ಇದೆ; ಆದರೆ ಆ ತಾತ್ಸಾರವನ್ನು ಓದಿಗೇ ಅಂಟಿಸುವುದು ಸರಿಯಲ್ಲ. ಶಿಲೀಂಧ್ರವು ಹೊಸ ಹೊಸ ರೂಪಗಳನ್ನು ತಾಳುತ್ತಲೇ ಇರುವುದರಿಂದ ಎಸ್.795 ಕೂಡ ಈಗ ತುಕ್ಕಿಗೆ ತುತ್ತಾಗುತ್ತಿದೆ, ಹೀಗಾಗಿ ತಳಿ ಸಂಶೋಧನೆಗೆ ಹೊಸದಾಗಿ ಓದಿ ಬರುವವರು ಇಂದಿಗೂ ಬೇಕು.