ನಾಯಿ ಅಂಗಾತ ಮಲಗಿ ಹೊಟ್ಟೆ ತೋರಿಸಿದರೆ ಮುಟ್ಟಬಹುದೇ?

ಪ್ರಶ್ನೆ: ನಮ್ಮ ಮನೆ ಉಡುಪಿ ಸಮೀಪದ ಹಳ್ಳಿಯಲ್ಲಿದೆ. ನಾನು ಕೆಲಸದಿಂದ ಬಂದೊಡನೆ ನಮ್ಮ ನಾಯಿ ಅಂಗಾತ ಬಿದ್ದು ಹೊಟ್ಟೆ ಸವರಿಸಿಕೊಳ್ಳುತ್ತದೆ. ಈಚೆಗೆ ಮಂಗಳೂರಿನ ನೆಂಟರ ಮಗು ಹತ್ತಿರ ಹೋದಾಗಲೂ ಹಾಗೆಯೇ ಮಲಗಿತು. ಆದರೆ ಮಗು ಹೊಟ್ಟೆ ಮುಟ್ಟಿದ ಕೂಡಲೇ ಗುರುಗುಟ್ಟಿತು. ಗದರಿಸಿ ಕಟ್ಟಿಹಾಕಿದೆವು. ಅದೇಕೆ ಹಾಗೆ ಮಾಡಿತು?

ಉತ್ತರ: ಭಂಗಿ ಒಂದೇ ಆಗಿದ್ದರೂ ಎರಡು ಸಂದರ್ಭಗಳಲ್ಲಿ ಅದರ ಅರ್ಥ ಬೇರೆಯಾಗಿತ್ತು. ನಿಮ್ಮೆದುರು ಅದು ಸಲುಗೆ. ಅಪರಿಚಿತ ಮಗುವಿನೆದುರು ಅದು ಬಹುಮಟ್ಟಿಗೆ ‘ನನ್ನಿಂದ ನಿನಗೆ ತೊಂದರೆಯಿಲ್ಲ, ನನ್ನನ್ನು ನನ್ನ ಪಾಡಿಗೆ ಬಿಡು’ ಎಂಬ ಬೇಡಿಕೆ. ಆ ಬೇಡಿಕೆಗೆ ಉತ್ತರವಾಗಿ ಕೈ ಮುಂದೆ ಬಂದಾಗ, ನಾಯಿ ತನಗೆ ಉಳಿದಿದ್ದ ಇನ್ನೊಂದು ದಾರಿಯಲ್ಲಿ, ಅಂದರೆ ಗುರುಗುಟ್ಟಿ, ಅದನ್ನೇ ಹೇಳಿತು.

ಇವೆರಡನ್ನು ಗುರುತಿಸಲು ಹೊಟ್ಟೆಯನ್ನಲ್ಲ, ಉಳಿದ ಮೈಯನ್ನು ನೋಡಬೇಕು. ಸಲುಗೆಯಿಂದ ಮಲಗಿದ ನಾಯಿಯ ಮೈ ಸಡಿಲವಾಗಿರುತ್ತದೆ, ಬಾಯಿ ಅರೆತೆರೆದಿರುತ್ತದೆ, ಬಾಲ ನೆಲದ ಮೇಲೆ ಅತ್ತಿತ್ತ ಆಡುತ್ತದೆ, ಕೆಲವೊಮ್ಮೆ ಅದು ಬೆನ್ನನ್ನು ನೆಲಕ್ಕೆ ಉಜ್ಜುತ್ತ ಹೊರಳಾಡುತ್ತದೆ. ಅಂಜಿಕೆಯಿಂದ ಮಲಗಿದ ನಾಯಿಯಾದರೋ ಬಾಲವನ್ನು ತೊಡೆಗಳ ನಡುವೆ ಸೇರಿಸಿ, ಕಿವಿಗಳನ್ನು ಹಿಂದಕ್ಕೆ ಒತ್ತಿ, ಬಾಯಿ ಬಿಗಿದು, ಮುಖ ಪಕ್ಕಕ್ಕೆ ತಿರುಗಿಸಿಕೊಂಡು ಅಲುಗಾಡದೆ ಬಿದ್ದಿರುತ್ತದೆ. ಕಣ್ಣಿನ ಬಿಳಿಭಾಗ ಅಂಚಿನಲ್ಲಿ ಕಾಣುತ್ತದೆ, ನಾಲಿಗೆ ಮತ್ತೆ ಮತ್ತೆ ಮೂಗಿನತ್ತ ಹೋಗುತ್ತದೆ. ಒಂದೆರಡು ಹನಿ ಮೂತ್ರ ಜಾರಿದರೂ ಅದು ಭಯದ ಲಕ್ಷಣವೇ, ದಯವಿಟ್ಟು ಅದಕ್ಕಾಗಿ ಬೈಯಬೇಡಿ. ನಾಯಿಗಳು ತಮ್ಮತಮ್ಮಲ್ಲಿ ಆಡುವಾಗ ಅಂಗಾತ ಹೊರಳುವುದು ಹೆಚ್ಚಾಗಿ ಕಚ್ಚು ತಪ್ಪಿಸಿಕೊಳ್ಳುವ ಅಥವಾ ಎದುರಾಳಿಯನ್ನು ಕೆಣಕುವ ಆಟದ ಪಟ್ಟು. ನಮ್ಮ ಕರಾವಳಿಯ ಸೆಕೆಯಲ್ಲಂತೂ ಕೂದಲು ವಿರಳವಾದ ಹೊಟ್ಟೆಗೆ ಗಾಳಿಯಾಡಲೆಂದೇ ಚಾವಡಿಯಲ್ಲಿ ಹಾಗೆ ಮಲಗುವ ನಾಯಿಗಳಿವೆ. ಅವುಗಳಿಗೆ ಆಗ ಯಾರ ಕೈಯೂ ಬೇಡ.

ಗುರುಗುಟ್ಟಿದ್ದಕ್ಕೆ ಗದರಿಸುವುದು ಅಪಾಯಕಾರಿ ಎಂಬುದನ್ನು ನಾನು ಒತ್ತಿ ಹೇಳಬೇಕಾಗಿದೆ. ಗುರುಗುಟ್ಟುವಿಕೆ ಕಚ್ಚುವುದಕ್ಕೆ ಮೊದಲಿನ ಎಚ್ಚರಿಕೆ; ಅದಕ್ಕೆ ಶಿಕ್ಷೆ ಸಿಕ್ಕರೆ ಭಯ ಹೋಗುವುದಿಲ್ಲ, ಎಚ್ಚರಿಕೆ ಮಾತ್ರ ನಿಲ್ಲುತ್ತದೆ, ಮುಂದೊಂದು ದಿನ ನಾಯಿ ಸದ್ದಿಲ್ಲದೆ ಕಚ್ಚೀತು. ಅಂಥ ಹೊತ್ತಿನಲ್ಲಿ ಮಗುವನ್ನು ಮೆಲ್ಲಗೆ ದೂರ ಕರೆದುಕೊಂಡರೆ ಸಾಕು. ನೆಂಟರು ಬಂದಾಗ ನಾಯಿಗೆ ಹಿತ್ತಿಲ ಕಡೆ ನಿರಾಳವಾದ ಜಾಗ ಕೊಡಿ, ತಾನಾಗಿ ಬಂದರೆ ಬರಲಿ. ಮಗು ಮುಟ್ಟುವುದಿದ್ದರೆ ಹಿರಿಯರೊಬ್ಬರು ಪಕ್ಕದಲ್ಲಿರಲಿ, ಕೈ ಎದೆಯ ಅಥವಾ ಹೆಗಲಿನ ಬದಿಗೆ ಹೋಗಲಿ. ಎರಡು ಮೂರು ಸೆಕೆಂಡು ಸವರಿ ಕೈ ಹಿಂದಕ್ಕೆ ತೆಗೆಯುವುದು ಒಳ್ಳೆಯ ಪರೀಕ್ಷೆ: ಬೇಕಿದ್ದರೆ ನಾಯಿಯೇ ಮೈಯೊಡ್ಡಿ ಹತ್ತಿರ ಸರಿಯುತ್ತದೆ, ಬೇಡದಿದ್ದರೆ ಸುಮ್ಮನಿರುತ್ತದೆ ಅಥವಾ ಎದ್ದು ಹೋಗುತ್ತದೆ. ಹಲ್ಲು ತಾಗಿ ಚರ್ಮ ಗೀರಿದರೂ ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಅಂದೇ ಆಸ್ಪತ್ರೆಗೆ ಹೋಗಬೇಕು.

ಇನ್ನು, ನೀವು ಮುಟ್ಟಿದಾಗಲೂ ನಾಯಿ ಹೊಟ್ಟೆ ಬಿಗಿಹಿಡಿಯತೊಡಗಿದರೆ ಅದು ನೋವಿನ ಸೂಚನೆಯಾಗಿರಬಹುದು. ಮಳೆಗಾಲದ ತೇವದಲ್ಲಿ ತೊಡೆಸಂದಿನ ಚರ್ಮ ಕೆಂಪಾಗಿ ಹುಣ್ಣಾಗುವುದುಂಟು, ಉಣ್ಣಿಗಳೂ ಅಲ್ಲೇ ಅಡಗುತ್ತವೆ. ಆಗ ತಡಮಾಡದೆ ಪಶುವೈದ್ಯರಿಗೆ ತೋರಿಸಿ.