ಚುಕ್ಕಾಣಿಯನ್ನು ಮೊದಲು ತೆಗೆಯಿರಿ

ಪ್ರಿಯ ಲೇಖಕರೇ,

ನಾಲ್ಕನೆಯ ಮಾರ್ಷಲ್ ಫೀಲ್ಡ್ ಕುರಿತು ನೀವು ಕಳಿಸಿದ ಲೇಖನ ಓದಿದೆ. ಶಿಕಾಗೊದ ದೊಡ್ಡ ಮಳಿಗೆಯ ಮನೆತನದ ಮರಿಮಗ, ಎರಡನೇ ಮಹಾಯುದ್ಧದಲ್ಲಿ 'ಎಂಟರ್‌ಪ್ರೈಸ್' ನೌಕೆಯ ಮೇಲೆ ಗಾಯಗೊಂಡ ಅಧಿಕಾರಿ, ಆಮೇಲೆ 'ಶಿಕಾಗೊ ಸನ್-ಟೈಮ್ಸ್' ಪತ್ರಿಕೆಯ ಪ್ರಕಾಶಕ. ಇಂಥ ವಸ್ತು ನಮ್ಮ ಕಡೆ ಬರುವುದು ಅಪರೂಪ. ಭಾಷೆ ಶುದ್ಧವಾಗಿದೆ, ಇಸವಿಗಳು ಸರಿಯಾಗಿವೆ. ದಿನಾ ವಬಾಷ್ ಸೇತುವೆ ದಾಟಿ ಕೆಲಸಕ್ಕೆ ಹೋಗುವ ನೀವು, ಈಗ ಟ್ರಂಪ್ ಗೋಪುರ ಇರುವ ಜಾಗದಲ್ಲೇ ಒಂದು ಕಾಲಕ್ಕೆ ಪತ್ರಿಕೆಯ ಅಚ್ಚುಯಂತ್ರಗಳು ಓಡುತ್ತಿದ್ದವು ಎಂದು ತಿಳಿದ ದಿನ ಅಲ್ಲೇ ನಿಂತುಬಿಟ್ಟೆ ಎಂದು ಬರೆದಿದ್ದೀರಿ. ಆ ಸಾಲು ನನಗೆ ತಟ್ಟಿತು. ಅದನ್ನು ಬರೆದವರೇ ಮುಂದಿನ ಪುಟಗಳನ್ನೂ ಬರೆದರೇ ಎಂದು ನಂಬಲಾಗದೆ ಮತ್ತೊಮ್ಮೆ ಓದಿದೆ.

ಎರಡು ಕಡೆ ಮಾತ್ರ ಹೇಳುತ್ತೇನೆ. ಉಳಿದದ್ದನ್ನು ನೀವೇ ಸರಿಮಾಡಿಕೊಳ್ಳಬಲ್ಲಿರಿ.

ಮೊದಲನೆಯದು 1942ರ ಅಕ್ಟೋಬರ್ 26ರಂದು ಪೆಸಿಫಿಕ್ ಸಾಗರದಲ್ಲಿ ಅಮೆರಿಕಕ್ಕೂ ಜಪಾನಿಗೂ ನಡೆದ ಸಾಂಟಾ ಕ್ರೂಜ್ ಕದನದ ಪ್ಯಾರಾ. ನೀವು ಬರೆದದ್ದು ಇದು: "ಯುದ್ಧನೌಕೆಯ ಮೇಲೆ ಬಾಂಬುಗಳ ಸುರಿಮಳೆಯಾಗುತ್ತಿದ್ದರೂ ಎದೆಗುಂದದ ಫೀಲ್ಡ್ ತನ್ನ ಫಿರಂಗಿಯಿಂದ ಒಂದರ ಹಿಂದೊಂದು ಶತ್ರುವಿಮಾನಗಳನ್ನು ನೆಲಕ್ಕುರುಳಿಸಿದ. ಮೈಯೆಲ್ಲ ರಕ್ತಸಿಕ್ತವಾದರೂ ಆ ವೀರ ಹಿಂದೆ ಸರಿಯಲಿಲ್ಲ."

'ಯುದ್ಧನೌಕೆ'ಯಿಂದ ಶುರುಮಾಡೋಣ. ಎಂಟರ್‌ಪ್ರೈಸ್ ವಿಮಾನವಾಹಕ ನೌಕೆ. ಅವತ್ತು ಅದರ ಕಾವಲಿಗೆ 'ಸೌತ್ ಡಕೋಟಾ' ಎಂಬ ಬ್ಯಾಟಲ್‌ಶಿಪ್ ಇತ್ತು. ಎರಡನ್ನೂ ನೀವು ಯುದ್ಧನೌಕೆ ಎಂದೇ ಕರೆದಿದ್ದೀರಿ. ಓದುಗ ಯಾವುದನ್ನು ನೋಡಬೇಕು? ಒಂದರ ಮೇಲೆ ಚಪ್ಪಟೆ ಹಲಗೆಯ ಬಯಲು, ಅದರಲ್ಲಿ ವಿಮಾನ, ಪೆಟ್ರೋಲು, ಬಾಂಬು. ಇನ್ನೊಂದು ದಪ್ಪ ಉಕ್ಕಿನ ಕೋಟೆ. ಫೀಲ್ಡ್ ನಿಂತಿದ್ದು ಬೇಗ ಬೆಂಕಿ ಹತ್ತಿಕೊಳ್ಳುವ ಹಡಗಿನ ಮೇಲೆ ಎಂಬುದು ಈ ಒಂದು ಪದದಲ್ಲಿ ಕಳೆದುಹೋಗಿದೆ.

'ಸುರಿಮಳೆ.' ಅವತ್ತು ನಿಜವಾದ ಮಳೆಯೇ ಬಂದಿತ್ತು. ಜಪಾನಿನ ವಿಮಾನಗಳ ಮೊದಲ ಅಲೆ ಬಂದಾಗ ಎಂಟರ್‌ಪ್ರೈಸ್ ಒಂದು ಮಳೆಮೋಡದ ಅಡಿ ಮರೆಯಾಗಿತ್ತು, ಅದಕ್ಕೇ ಆ ಪೆಟ್ಟೆಲ್ಲ ಜೊತೆಗಿದ್ದ ಇನ್ನೊಂದು ವಿಮಾನವಾಹಕ 'ಹಾರ್ನೆಟ್' ಮೇಲೆ ಬಿತ್ತು. ಒಂದು ಹಡಗನ್ನು ಆ ಹೊತ್ತಿಗೆ ಉಳಿಸಿ ಇನ್ನೊಂದನ್ನು ಬಲಿಕೊಟ್ಟ ಮಳೆಯನ್ನು ಬಿಟ್ಟು, ಬಾಂಬಿಗೆ ಮಳೆಯ ಹೋಲಿಕೆ ತಂದಿದ್ದೀರಿ. ಇನ್ನು ಬಾಂಬುಗಳ ಲೆಕ್ಕ: ಮುಂದಿನ ಅಲೆಯಲ್ಲಿ ಎಂಟರ್‌ಪ್ರೈಸ್‌ಗೆ ನೇರ ತಗುಲಿದ್ದು ಎರಡು, ಪಕ್ಕದ ನೀರಿನಲ್ಲಿ ಸಿಡಿದು ಒಡಲಿಗೆ ಏಟು ಕೊಟ್ಟದ್ದು ಒಂದು. ಸತ್ತವರು 44, ಗಾಯಗೊಂಡವರು 75. ಮುಂಭಾಗದ ಲಿಫ್ಟು ಮೇಲೇ ಸಿಕ್ಕಿಕೊಂಡು ವಿಮಾನಗಳನ್ನು ಕೆಳಗಿಳಿಸುವ ಒಂದು ದಾರಿ ಮುಚ್ಚಿಹೋಯಿತು. ಎರಡು ಬಾಂಬಿಗೆ ಇಷ್ಟು. 'ಸುರಿಮಳೆ' ಎಂದಾಗ ಈ ಎರಡರ ಭಾರ ಹಗುರಾಗುತ್ತದೆ.

'ನೆಲಕ್ಕುರುಳಿಸಿದ.' ಸುತ್ತ ಸಮುದ್ರ. ಇಲ್ಲಿ ನೆಲ ಎಲ್ಲಿಂದ ಬಂತು? ಈ ಕ್ರಿಯಾಪದ ಬರೆಯುವಾಗ ನೀವು ಆ ಜಾಗವನ್ನು ಕಣ್ಣಮುಂದೆ ತಂದುಕೊಂಡಿರಲಿಲ್ಲ ಎಂದಷ್ಟೇ ನನಗೆ ಗೊತ್ತಾಗುತ್ತದೆ.

'ತನ್ನ ಫಿರಂಗಿಯಿಂದ.' ಇಲ್ಲಿ ನನಗೆ ತಡೆದುಕೊಳ್ಳಲಾಗಲಿಲ್ಲ. ಫೀಲ್ಡ್‌ನಂಥ ಫಿರಂಗಿ ವಿಭಾಗದ ಅಧಿಕಾರಿ ಫಿರಂಗಿ ಹಾರಿಸುವುದಿಲ್ಲ. ಯಾವ ವಿಮಾನಕ್ಕೆ ಹೊಡೆಯಬೇಕು, ಯಾವಾಗ ಶುರುಮಾಡಬೇಕು, ಯಾವಾಗ ನಿಲ್ಲಿಸಿ ಪಕ್ಕದ ಗುರಿಗೆ ತಿರುಗಬೇಕು ಎಂದು ಹೇಳುವುದು ಅವನ ಕೆಲಸ. ಸದ್ದಿನಲ್ಲಿ ಬಾಯಿಮಾತು ಕೇಳಿಸುವುದಿಲ್ಲ. ಕಿವಿಗೆ ಟೆಲಿಫೋನು ಕಟ್ಟಿಕೊಂಡ ನಾವಿಕನೊಬ್ಬ ಮಗ್ಗುಲಲ್ಲಿರುತ್ತಾನೆ, ಕೈಸನ್ನೆ ಇರುತ್ತದೆ. ನಿಲ್ಲಿಸು ಎನ್ನುವುದೇ ಹೆಚ್ಚು ಕಷ್ಟ. ತಡವಾದರೆ, ಎಣ್ಣೆ ತೀರಿ ಇಳಿಯಲು ಬರುತ್ತಿರುವ ತಮ್ಮದೇ ವಿಮಾನಕ್ಕೆ ಗುಂಡು ತಗಲುತ್ತದೆ.

ಫಿರಂಗಿಗಳಲ್ಲೂ ಮೂರ್ನಾಲ್ಕು ಬಗೆ, ಒಂದೊಂದರ ತಾಪತ್ರಯ ಒಂದೊಂದು. ದೊಡ್ಡವು 5 ಇಂಚಿನವು. ಒಂದೊಂದು ಗುಂಡು 25 ಕಿಲೋ. ಮದ್ದಿನ ತೋಟಾ ಬೇರೆ, ಎರಡನ್ನೂ ಕೈಯಲ್ಲೇ ತಟ್ಟೆಗೆ ಇಡಬೇಕು. ಗುಂಡು ಎಷ್ಟು ಸೆಕೆಂಡಿಗೆ ಸಿಡಿಯಬೇಕು ಎಂಬ ಸಮಯವನ್ನು ಮೊದಲೇ ಕೂರಿಸಿರಬೇಕು, ತಪ್ಪಿದರೆ ವಿಮಾನದ ಹಿಂದೆಯೋ ಮುಂದೆಯೋ ಬರೀ ಹೊಗೆ. ಸಣ್ಣವು 20 ಮಿಲಿಮೀಟರಿನ ಅರ್ಲಿಕಾನ್. ಡಬ್ಬಿಗೆ 60 ಗುಂಡು, ನಿಮಿಷಕ್ಕೆ 450ರ ವೇಗ, ಅಂದರೆ ಎಂಟು ಸೆಕೆಂಡಿಗೆ ಡಬ್ಬಿ ಖಾಲಿ. ಅದು ಫಲ ಕೊಡುವುದು ಸುಮಾರು 900 ಮೀಟರಿನೊಳಗೆ. ಅಷ್ಟು ಹತ್ತಿರ ಬರುವ ಹೊತ್ತಿಗೆ, ಮೇಲಿನಿಂದ ಕಡಿದಾಗಿ ಧುಮುಕಿ ಬಾಂಬು ಹಾಕುವ ವಿಮಾನ, ಅಂದರೆ ಡೈವ್ ಬಾಂಬರ್, ಎಷ್ಟೋ ಸಲ ಬಾಂಬು ಬಿಟ್ಟಾಗಿರುತ್ತದೆ. ನಡುವಿನ ದೂರಕ್ಕೆ ಮೊದಲಿದ್ದ 1.1 ಇಂಚಿನ ನಾಲ್ಕು ನಳಿಗೆಯ ಫಿರಂಗಿ ಪದೇ ಪದೇ ಸಿಕ್ಕಿಕೊಳ್ಳುತ್ತಿತ್ತು. ಅದರ ಜಾಗಕ್ಕೆ ನಾಲ್ಕು ನಳಿಗೆಯ 40 ಮಿಲಿಮೀಟರ್ ಬೊಫೋರ್ಸ್ ನಾಲ್ಕನ್ನು ಪರ್ಲ್ ಹಾರ್ಬರಿನ ದುರಸ್ತಿಯಲ್ಲಿ ಎಂಟರ್‌ಪ್ರೈಸ್‌ಗೆ ಕೂರಿಸಿದ್ದರು. ಸಾಂಟಾ ಕ್ರೂಜ್‌ಗೆ ಬರುವಾಗ ಅವು ಹೊಚ್ಚ ಹೊಸವು. ಅದರಲ್ಲಿ ಗುಂಡುಗಳು ನಾಲ್ಕರ ಕ್ಲಿಪ್ಪಿನಲ್ಲಿ ಬರುತ್ತವೆ, ಕ್ಲಿಪ್ಪಿಗೆ ಹತ್ತಿರ ಹತ್ತಿರ 9 ಕಿಲೋ. ಒಂದೊಂದು ನಳಿಗೆಯೂ ಎರಡು ಸೆಕೆಂಡಿಗೊಂದರಂತೆ ಅದನ್ನು ನುಂಗುತ್ತದೆ. ತುಂಬುವವನು ಹಡಗು ವಾಲುತ್ತಿರುವಾಗ, ಎಣ್ಣೆ ನೀರು ಹರಿದ ಕಬ್ಬಿಣದ ಮೇಲೆ ನಿಂತು, ಕೈ ತಪ್ಪದೆ ಅದನ್ನು ನೇರ ಇಳಿಸುತ್ತಲೇ ಇರಬೇಕು. ಅವನು ತಡಬಡಾಯಿಸಿದರೆ ಆ ನಳಿಗೆ ಬಾಯಿ ಮುಚ್ಚಿತು.

'ಎದೆಗುಂದದ' ಎಂಬ ವಿಶೇಷಣ ಹೇಳಲು ಹೊರಟದ್ದು ಇದನ್ನೇ. ಆದರೆ ಅದು ಯಾರಿಗೆ ಬೇಕಾದರೂ, ಯಾವ ಯುದ್ಧದಲ್ಲಾದರೂ ಅಂಟುತ್ತದೆ. 9 ಕಿಲೋ ಕ್ಲಿಪ್ಪು ಅಲ್ಲಿಗೆ ಮಾತ್ರ ಹೊಂದುತ್ತದೆ.

'ರಕ್ತಸಿಕ್ತ.' ಫೀಲ್ಡ್‌ಗೆ ಸಿಲ್ವರ್ ಸ್ಟಾರ್ ಮತ್ತು ಪರ್ಪಲ್ ಹಾರ್ಟ್ ಎರಡೂ ಸಿಕ್ಕವು. ಮೊದಲನೆಯದು ಶೌರ್ಯಕ್ಕೆ, ಎರಡನೆಯದು ಕದನದಲ್ಲಿ ಆದ ಗಾಯಕ್ಕೆ. ನೀವು ಎರಡನ್ನೂ 'ಅನೇಕ ಪ್ರಶಸ್ತಿಗಳು' ಎಂದು ಒಂದೇ ಚೀಲಕ್ಕೆ ಹಾಕಿದ್ದೀರಿ. ಬಿಡಿಸಿ ಬರೆಯಿರಿ, ರಕ್ತ ತಾನಾಗಿಯೇ ಕಾಣುತ್ತದೆ.

ನಾನು ಕರಡು ತಿದ್ದಲು ಕಲಿತ ಮೇಜಿನ ಮೇಲೆ, ಇನ್ನೂ ಮೊಳೆ ಜೋಡಿಸಿ ಅಚ್ಚು ಹಾಕುತ್ತಿದ್ದ ಕಾಲದಲ್ಲಿ, ಒಂದು ಕ್ರಮವಿತ್ತು. ಗ್ಯಾಲಿ ಕರಡು ಬಂದ ಕೂಡಲೇ ಕಾಗುಣಿತ ನೋಡುವಂತಿರಲಿಲ್ಲ. ಮೊದಲು ಪ್ರತಿ ಕ್ರಿಯಾಪದದ ಕೆಳಗೆ ಗೆರೆ ಎಳೆದು, ಪಕ್ಕದ ಖಾಲಿಯಲ್ಲಿ ಯಾರು, ಯಾವುದರಿಂದ, ಎಲ್ಲಿ ನಿಂತು ಎಂಬ ಮೂರಕ್ಕೆ ಉತ್ತರ ಬರೆಯಬೇಕಿತ್ತು. ಉತ್ತರ ಸಿಗದ ವಾಕ್ಯಕ್ಕೆ ಸುತ್ತು. ಎರಡನೆಯ ಓದಿನಲ್ಲಿ, ತೆಗೆದರೆ ಅರ್ಥ ಕೆಡದ ವಿಶೇಷಣಕ್ಕೆಲ್ಲ ಅಡ್ಡಗೆರೆ. ಕಾಗುಣಿತ ಮೂರನೆಯ ಓದಿಗೆ. ಒತ್ತಕ್ಷರದ ಮೊಳೆಯನ್ನೂ ಬೇರೆಯಾಗಿ ಹುಡುಕಿ ಕೂರಿಸಬೇಕಿದ್ದ ಕಡೆ, ಬೇಡದ 'ಧೈರ್ಯಸ್ಥೈರ್ಯ'ಕ್ಕೆ ಎಷ್ಟು ಕೈಕೆಲಸ ಎಂದು ಎಲ್ಲರಿಗೂ ಗೊತ್ತಿತ್ತು. ಈಗ ಮೊಳೆ ಇಲ್ಲ, ಆದರೆ ಆ ಮೂರು ಓದು ಇವತ್ತಿಗೂ ನನ್ನ ಕೈ ಬಿಟ್ಟಿಲ್ಲ. ನಿಮ್ಮ ಈ ಪ್ಯಾರಾದಲ್ಲಿ ನಾಲ್ಕು ಸುತ್ತು ಬಿದ್ದಿವೆ.

ಎರಡನೆಯ ತೊಂದರೆ ಇದಕ್ಕಿಂತ ದೊಡ್ಡದು. "ನೌಕಾಪಡೆಯಲ್ಲಿ ಕಲಿತ ಶಿಸ್ತಿನಿಂದಲೇ ಆತ ಪತ್ರಿಕೆಯ ಚುಕ್ಕಾಣಿ ಹಿಡಿದು, ಬಿರುಗಾಳಿಗಳನ್ನೆದುರಿಸಿ, ಯಶಸ್ಸಿನ ದಡ ಮುಟ್ಟಿಸಿದ" ಎಂದಿದ್ದೀರಿ.

ಫೀಲ್ಡ್ ಚುಕ್ಕಾಣಿ ಹಿಡಿದವನಲ್ಲ. ಅವತ್ತು ಟಾರ್ಪಿಡೊಗಳ ನಡುವೆ ಹಡಗನ್ನು ಅತ್ತಿತ್ತ ಹೊರಳಿಸಿದ್ದು ಕ್ಯಾಪ್ಟನ್ ಹಾರ್ಡಿಸನ್ ಅವರ ಆಜ್ಞೆ, ಚಕ್ರ ಹಿಡಿದದ್ದು ಒಬ್ಬ ನಾವಿಕ. ಇನ್ನು ದಡ. ಆತ 1959ರಲ್ಲಿ ಕೊಂಡ 'ಶಿಕಾಗೊ ಡೈಲಿ ನ್ಯೂಸ್' 1978ರಲ್ಲಿ ಮುಚ್ಚಿತು. ಆತ ತೀರಿಕೊಂಡದ್ದು 1965ರಲ್ಲಿ, 49ನೆಯ ವಯಸ್ಸಿಗೆ. ಯಾವ ದಡ?

ನನ್ನನ್ನು ಕಾಡಿದ್ದು ಇದು: ಆ ಊರಿನಲ್ಲಿ ನೌಕಾಪಡೆಗೂ ಪತ್ರಿಕೆಗಳಿಗೂ ಇದ್ದ ನಂಟು ನಿಜವಾಗಿಯೇ ಕಣ್ಣಿಗೆ ರಾಚುವಂತಿರುವಾಗ ನೀವು ರೂಪಕಕ್ಕೆ ಹೋದದ್ದು. ನೋಡಿ. ಅಪ್ಪ, ಮೂರನೆಯ ಮಾರ್ಷಲ್ ಫೀಲ್ಡ್, 'ಶಿಕಾಗೊ ಸನ್' ಶುರುಮಾಡಿದ್ದು 1941ರ ಡಿಸೆಂಬರ್ 4ರಂದು, ಪರ್ಲ್ ಹಾರ್ಬರ್ ದಾಳಿಗೆ ಮೂರು ದಿನ ಮೊದಲು. ಎದುರಾಳಿ 'ಟ್ರಿಬ್ಯೂನ್' ಅದೇ ದಿನ ಅಧ್ಯಕ್ಷ ರೂಸ್‌ವೆಲ್ಟರ ಗುಪ್ತ ಯುದ್ಧಯೋಜನೆಯನ್ನು ಮುಖಪುಟದಲ್ಲಿ ಹಾಕಿತು. ಮರುವರ್ಷ ಜೂನ್ 7ರಂದು, ಎಂಟರ್‌ಪ್ರೈಸ್ ಪಾಲ್ಗೊಂಡಿದ್ದ ಮಿಡ್‌ವೇ ಕದನದ ಬೆನ್ನಿಗೇ, ಜಪಾನಿನ ಯೋಜನೆ ಅಮೆರಿಕದ ನೌಕಾಪಡೆಗೆ ಮೊದಲೇ ಗೊತ್ತಿತ್ತು ಎಂಬ ಸುದ್ದಿಯನ್ನೂ ಅದೇ ಪತ್ರಿಕೆ ಅಚ್ಚುಮಾಡಿತು. ಸಂಕೇತ ಒಡೆದ ಗುಟ್ಟು ಬಯಲಾಗುವ ಭಯಕ್ಕೆ ನೌಕಾಪಡೆ ವಿವರ ಕೊಡಲಿಲ್ಲ, ಮೊಕದ್ದಮೆ ನಡೆಸಬೇಕೇ ಎಂದು ತೀರ್ಮಾನಿಸುವ ಗ್ರ್ಯಾಂಡ್ ಜ್ಯೂರಿ ಪತ್ರಿಕೆಯ ಮೇಲೆ ಆರೋಪ ಹೊರಿಸಲಿಲ್ಲ. ಆಗ ನೌಕಾಪಡೆಯ ಮಂತ್ರಿ ಯಾರು? ಫ್ರಾಂಕ್ ನಾಕ್ಸ್, ಡೈಲಿ ನ್ಯೂಸ್‌ನ ಪ್ರಕಾಶಕ. ಸನ್ ಅಚ್ಚಾಗುತ್ತಿದ್ದುದು ಆ ಡೈಲಿ ನ್ಯೂಸ್‌ನ ಯಂತ್ರಗಳಲ್ಲೇ. ಅದು ಸಂಜೆ ಪತ್ರಿಕೆ, ರಾತ್ರಿ ಯಂತ್ರ ಖಾಲಿ, ಬೆಳಗಿನ ಪತ್ರಿಕೆಗೆ ಬಾಡಿಗೆಗೆ ಕೊಡಬಹುದು. ಮಗ ಫಿರಂಗಿಯ ಬಳಿ ನಿಂತ ಅಕ್ಟೋಬರ್ 26ಕ್ಕೆ ಅಪ್ಪನ ಪತ್ರಿಕೆಗೆ ಹನ್ನೊಂದು ತಿಂಗಳೂ ತುಂಬಿರಲಿಲ್ಲ. ಹದಿನೇಳು ವರ್ಷ ಕಳೆದು, ಅಪ್ಪನಿಗೆ ಯಂತ್ರ ಬಾಡಿಗೆ ಕೊಟ್ಟ, ತನ್ನ ಯುದ್ಧಕಾಲದ ಮಂತ್ರಿಯದಾಗಿದ್ದ ಪತ್ರಿಕೆಯನ್ನು ಮಗ 2 ಕೋಟಿ 40 ಲಕ್ಷ ಡಾಲರ್ ಕೊಟ್ಟು ಕೊಂಡ. ನಿಮ್ಮ ಲೇಖನದಲ್ಲಿ ನಾಕ್ಸ್ ಹೆಸರೇ ಇಲ್ಲ.

'ಪ್ರಕಾಶಕ' ಎಂಬ ಪದವನ್ನೂ ನೀವು ಬಿಡಿಸಿಲ್ಲ. ನಮ್ಮ ಓದುಗರಿಗೆ ಪ್ರಕಾಶಕ ಎಂದರೆ ಪುಸ್ತಕ ಹಾಕಿಸುವವರು. ಇಲ್ಲವೇ, 1867ರ ಪತ್ರಿಕಾ ನೋಂದಣಿ ಕಾಯಿದೆಯ ಪ್ರಕಾರ ಪತ್ರಿಕೆಯ ಕೊನೆಪುಟದ ಅಡಿ ಸಣ್ಣಕ್ಷರದಲ್ಲಿ ಅಚ್ಚಾಗುತ್ತಾ ಬಂದ 'ಮುದ್ರಕರು, ಪ್ರಕಾಶಕರು' ಎಂಬ ಸಾಲು. ಅಮೆರಿಕದ ಪತ್ರಿಕೆಯಲ್ಲಿ ಪ್ರಕಾಶಕ ಬೇರೆಯೇ ಮನುಷ್ಯ. ಬೆಲೆ, ಹೊಸ ಯಂತ್ರ, ಪತ್ರಿಕೆಯ ಗಾತ್ರ, ಯಾವ ಸಂಸ್ಥೆಯ ಸುದ್ದಿ ಕೊಳ್ಳಬೇಕು, ಚುನಾವಣೆಯಲ್ಲಿ ಯಾರ ಪರ ನಿಲ್ಲಬೇಕು, ಇವೆಲ್ಲ ಅವನ ಮೇಜಿಗೆ ಬರುತ್ತವೆ. ಇದನ್ನು ತೋರಿಸಲು ನಿಮಗೆ ಎರಡು ಘಟನೆ ಸಾಕು.

ಒಂದು, ಸುದ್ದಿಯ ಸರಬರಾಜು. ಅಸೋಸಿಯೇಟೆಡ್ ಪ್ರೆಸ್ ಸದಸ್ಯ ಪತ್ರಿಕೆಗಳ ಸಹಕಾರ ಸಂಘ. ಆಗಿನ ನಿಯಮದಲ್ಲಿ, ಒಂದೇ ಊರಿನಲ್ಲಿ ಒಂದೇ ಹೊತ್ತಿಗೆ ಬರುವ ಹಳೆಯ ಸದಸ್ಯ ಪತ್ರಿಕೆ ಒಪ್ಪದಿದ್ದರೆ, ಹೊಸಬನಿಗೆ ಎಲ್ಲ ಸದಸ್ಯರ ಬಹುಮತ ಬೇಕಿತ್ತು, ಜೊತೆಗೆ ಹಳಬರು 1900ರಿಂದ ಕಟ್ಟುತ್ತಾ ಬಂದ ವಂತಿಗೆಯ ಶೇ 10ರಷ್ಟು ಹಣ. ಶಿಕಾಗೊದ ಬೆಳಗಿನ ಪತ್ರಿಕೆಗೆ ಅದು 4 ಲಕ್ಷ ಡಾಲರಿಗೂ ಮೇಲಾಗುತ್ತಿತ್ತು. ಟ್ರಿಬ್ಯೂನ್ ಒಪ್ಪಲಿಲ್ಲ, ಸನ್‌ಗೆ ಬಾಗಿಲು ಮುಚ್ಚಿತು. ಅಮೆರಿಕ ಸರ್ಕಾರ ದಾವೆ ಹೂಡಿತು. 1945ರ ಜೂನ್ 18ರಂದು ಸುಪ್ರೀಂ ಕೋರ್ಟು 5-3 ಮತಗಳಿಂದ ಆ ನಿಯಮ ಸಲ್ಲದು ಎಂದಿತು. ಮಗನ ಕೈಗೆ ಬಂದ ಪತ್ರಿಕೆಯ ಬುಡದಲ್ಲಿ ಈ ತೀರ್ಪಿದೆ. ನಿಮ್ಮಲ್ಲಿ ಇದು "ಆರಂಭಿಕ ಸಂಕಷ್ಟಗಳು" ಎಂಬ ಎರಡೇ ಪದ.

ಇನ್ನೊಂದು, ಅಪ್ಪ ಮಗನ ಭಿನ್ನಮತ. ಸನ್ ಮತ್ತು 'ಟೈಮ್ಸ್' ಸೇರಿ 1948ರಲ್ಲಿ ಸನ್-ಟೈಮ್ಸ್ ಆಯಿತು, 1950ರಲ್ಲಿ ಮಗ ಪ್ರಕಾಶಕನಾದ. ಅಪ್ಪ ರೂಸ್‌ವೆಲ್ಟರ ಮತ್ತು ಅವರ ಡೆಮಾಕ್ರಟಿಕ್ ಪಕ್ಷದ ಕಟ್ಟಾ ಬೆಂಬಲಿಗ, ಪತ್ರಿಕೆ ಹುಟ್ಟಿದ್ದೇ ಆ ನಿಲುವಿಗಾಗಿ. 1952ರ ಚುನಾವಣೆಯಲ್ಲಿ ಮಗನ ಪತ್ರಿಕೆ ರಿಪಬ್ಲಿಕನ್ ಐಸೆನ್‌ಹೋವರ್ ಪರ ನಿಂತಿತು. ಅಪ್ಪ ಆಗ ಬದುಕಿದ್ದರು, 1956ರವರೆಗೂ ಇದ್ದರು. ಒಂದು ಪತ್ರಿಕೆಯ ಒಳಗಿನ ನಿಜವಾದ ಬಿರುಗಾಳಿ ಎಂದರೆ ಇದು. ಇದಕ್ಕೆ ನೀವು ಕೊಟ್ಟದ್ದು ಅರ್ಧ ವಾಕ್ಯ.

ಮುಂದೆ ಮಾಡಬೇಕಾದ್ದು: ಎಂಟರ್‌ಪ್ರೈಸ್‌ನ ಕದನ ವರದಿಯನ್ನು ಓದಿ, ಆ ದಿನದ ಘಟನೆಗಳನ್ನು ಒಂದು ಹಾಳೆಯಲ್ಲಿ ಒಂದರ ಕೆಳಗೊಂದು ಬರೆದುಕೊಳ್ಳಿ. ಹೊತ್ತಿನ ವಿಷಯದಲ್ಲಿ ಎಚ್ಚರ, ಬೇರೆ ಬೇರೆ ಪುಸ್ತಕಗಳು ಬೇರೆ ಬೇರೆ ಗಡಿಯಾರ ಹಿಡಿಯುತ್ತವೆ. ಒಂದು ಗಡಿಯಾರ ಹಿಡಿದರೆ ಕೊನೆಯವರೆಗೂ ಅದನ್ನೇ ಹಿಡಿಯಿರಿ. ಸಿಲ್ವರ್ ಸ್ಟಾರ್‌ನ ಪ್ರಶಸ್ತಿಪತ್ರದಲ್ಲಿ ಫೀಲ್ಡ್ ಎಲ್ಲಿ ನಿಂತಿದ್ದ, ಏನು ಮಾಡಿದ ಎಂದು ಹೇಳಿರುವಷ್ಟನ್ನೇ ತೆಗೆದುಕೊಳ್ಳಿ, ಒಂದು ಅಕ್ಷರವೂ ಹೆಚ್ಚು ಬೇಡ. ನಿಮ್ಮ ಊರಿನ ಹೆರಾಲ್ಡ್ ವಾಷಿಂಗ್ಟನ್ ಗ್ರಂಥಾಲಯದಲ್ಲಿ ಹಳೆಯ ಪತ್ರಿಕೆಗಳ ಮೈಕ್ರೋಫಿಲ್ಮ್ ಇದೆ. 1941ರ ಡಿಸೆಂಬರ್ 4ರ ಸನ್ ಮತ್ತು ಟ್ರಿಬ್ಯೂನ್ ಮುಖಪುಟಗಳನ್ನು ಒಂದರ ನಂತರ ಒಂದು ನೋಡಿ, ಯಾವ ಶೀರ್ಷಿಕೆ ಎಷ್ಟು ಕಾಲಂ ಅಗಲ ಎಂದು ಗುರುತು ಹಾಕಿಕೊಳ್ಳಿ.

ಇಡೀ ಲೇಖನವನ್ನು ಈಗಲೇ ಮತ್ತೆ ಬರೆಯಬೇಡಿ. ಸಾಂಟಾ ಕ್ರೂಜ್‌ನ ಒಂದು ಪ್ಯಾರಾ, ಆ ಎರಡು ಮುಖಪುಟಗಳ ಒಂದು ಪ್ಯಾರಾ, ಇಷ್ಟು ಕಳಿಸಿ. ಸೇತುವೆಯ ಸಾಲು ಇದ್ದಲ್ಲೇ ಇರಲಿ, ಅದನ್ನು ಮುಟ್ಟಬೇಡಿ.

ಇಂತಿ,
ಸಂಪಾದಕ